ಇದರ ತಾಯಿ ಎಲ್ಲಿ?

ಸುಬ್ರಹ್ಮಣ್ಯಪುರದ ನನ್ನ ತಂಗಿಯ ಮನೆಯ ಹಜಾರದಲ್ಲಿ, ಯೇಸುವಿನ ಪವಿತ್ರ ಹೃದಯದ ಪಟದಿಂದ ಮೂರು ಮೊಳ ದೂರದ ಗೋಡೆಯಲ್ಲಿ, ಒಂದು ಫೋಟೊ ಎರಡು ವರ್ಷ ತೂಗುತ್ತಿತ್ತು. ಅದರಲ್ಲಿ ಅವಳ ಮಗಳು ಹುಲ್ಲಿನ ಮೇಲೆ ಕಾಲು ಮಡಿಚಿ ಕುಳಿತಿದ್ದಾಳೆ. ತೊಡೆಯ ಮೇಲೆ ಬೆಕ್ಕಿನಷ್ಟು ದೊಡ್ಡ ಸಿಂಹದ ಮರಿ. ಅವಳ ಕೈಯಲ್ಲಿ ಹಾಲಿನ ಸೀಸೆ. ಮರಿ ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದೆ. ನೋಡಿದವರೆಲ್ಲ "ಅಯ್ಯೋ, ಎಷ್ಟು ಮುದ್ದಾಗಿದೆ!" ಎನ್ನುತ್ತಿದ್ದರು.

ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಈ ಹುಡುಗಿ 2014ರಲ್ಲಿ ಒಂದೂವರೆ ಲಕ್ಷ ರೂಪಾಯಿ ಕೂಡಿಟ್ಟು ದಕ್ಷಿಣ ಆಫ್ರಿಕಕ್ಕೆ ಹೋಗಿದ್ದಳು. ಊರು ನೋಡುವುದು ಒಂದು ವಾರ, ವನ್ಯಪ್ರಾಣಿ ಧಾಮವೊಂದರಲ್ಲಿ ಸ್ವಯಂಸೇವೆ ಎರಡು ವಾರ. ತಾಯಿ ಸತ್ತ ಮರಿಗಳನ್ನು ಸಾಕಿ ಮರಳಿ ಕಾಡಿಗೆ ಬಿಡುವ ಪುಣ್ಯದ ಕೆಲಸ ಎಂದು ಆ ಧಾಮದವರು ಅವಳಿಗೆ ಹೇಳಿದ್ದರು. ಅಲ್ಲಿ ಇದ್ದು ಸೇವೆ ಮಾಡುವುದಕ್ಕೂ ಅವಳೇ ಹಣ ಕಟ್ಟಬೇಕಿತ್ತು. ಬರೀ ಮೋಜಿಗೆ ಹೋಗಿ ಬರುವ ಬದಲು ಯಾರಿಗಾದರೂ ಉಪಯೋಗವಾಗಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಅವಳು ಹೋದದ್ದು. ಅವಳು ಹಿಂದಿರುಗಿದ ಮೇಲೆ ಧರ್ಮಕೇಂದ್ರದ ಯುವಜನರ ಸಭೆಯಲ್ಲಿ ಅವಳನ್ನು ಎಲ್ಲರ ಮುಂದೆ ಹೊಗಳಿದವಳು ಅವಳ ದೊಡ್ಡಮ್ಮನಾದ ನಾನೇ.

ಅಂದು ಆ ಫೋಟೊ ನೋಡಿ ಬೇರೆ ಮಾತನಾಡಿದವರು ಒಬ್ಬರೇ, ನಮ್ಮ ಅಮ್ಮ. ಆಗ ಅವರಿಗೆ ಎಂಬತ್ತಮೂರು ವರ್ಷ, ಹಾಸಿಗೆ ಹಿಡಿದಿದ್ದರು. ಸುಬ್ರಹ್ಮಣ್ಯಪುರ ಇನ್ನೂ ರಾಗಿ ಹೊಲಗಳ ಹಳ್ಳಿಯಾಗಿದ್ದ ಕಾಲದಲ್ಲಿ ಹಸು ಸಾಕಿ, ಹಾಲು ಮಾರಿ ನಮ್ಮನ್ನು ಓದಿಸಿದವರು ಅವರು. ಮೊಮ್ಮಗಳು ತೋರಿಸಿದ ಫೋಟೊವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಇದರ ತಾಯಿ ಎಲ್ಲಿ?" ಎಂದರು.

"ಸತ್ತುಹೋಗಿದೆಯಂತೆ ಅಜ್ಜಿ. ಅನಾಥ ಮರಿ."

"ಅಲ್ಲಿ ಇಂಥವು ಎಷ್ಟಿದ್ದವು?"

"ಹದಿನಾಲ್ಕು."

"ಹದಿನಾಲ್ಕರ ತಾಯಂದಿರೂ ಸತ್ತುಹೋದವಾ?"

ನಾವೆಲ್ಲ ನಕ್ಕೆವು. ಮುದುಕಿಗೆ ಅರಳುಮರಳು ಎಂದುಕೊಂಡೆವು. ಆದರೆ ಪ್ರಿಯ ಓದುಗರೇ, ಆ ಮನೆಯಲ್ಲಿ ಅಂದು ಕೇಳಬೇಕಾದ ಪ್ರಶ್ನೆಯನ್ನು ಕೇಳಿದವರು ಅವರೊಬ್ಬರೇ ಆಗಿದ್ದರು.

ಎರಡು ವರ್ಷಗಳ ನಂತರ ಹುಡುಗಿಯ ಸ್ನೇಹಿತೆಯೊಬ್ಬಳು ಅವಳಿಗೆ 'ಬ್ಲಡ್ ಲಯನ್ಸ್' ಎಂಬ ಸಾಕ್ಷ್ಯಚಿತ್ರವನ್ನು ತೋರಿಸಿದಳು. 2015ರಲ್ಲಿ ಬಂದ ಆ ಚಿತ್ರ ದಕ್ಷಿಣ ಆಫ್ರಿಕದ ಸಿಂಹ ಸಾಕಣೆಯ ಒಳಗುಟ್ಟನ್ನು ಹೊರಗೆ ಹಾಕಿತ್ತು. ಆ ದೇಶದಲ್ಲಿ ಕಾಡಿನಲ್ಲಿರುವ ಸಿಂಹಗಳಿಗಿಂತ ಬೇಲಿಯೊಳಗೆ ಸಾಕಿದ ಸಿಂಹಗಳೇ ಹೆಚ್ಚು. ಇಂಥ ಎಷ್ಟೋ ಸಾಕಣೆ ಕೇಂದ್ರಗಳಲ್ಲಿ ಮರಿ ಹುಟ್ಟಿದ ಕೆಲವೇ ದಿನಗಳಲ್ಲಿ ಅದನ್ನು ತಾಯಿಯಿಂದ ಬೇರ್ಪಡಿಸುತ್ತಾರೆ. ಮರಿಯನ್ನು ಕಳೆದುಕೊಂಡ ಸಿಂಹಿಣಿ ಬೇಗ ಮತ್ತೆ ಬೆದೆಗೆ ಬರುತ್ತದೆ. ಕಾಡಿನಲ್ಲಿ ಸುಮಾರು ಎರಡು ವರ್ಷಕ್ಕೊಮ್ಮೆ ಮರಿ ಹಾಕುವ ಪ್ರಾಣಿಯಿಂದ ಅಲ್ಲಿ ಮತ್ತೆ ಮತ್ತೆ ಮರಿ ಹಾಕಿಸುತ್ತಾರೆ. ಬೇರ್ಪಟ್ಟ ಮರಿಗಳನ್ನು "ಅನಾಥ" ಎಂದು ಕರೆದು, ಹಣ ಕಟ್ಟಿ ಬಂದ ಪ್ರವಾಸಿಗಳ ಮತ್ತು ಸ್ವಯಂಸೇವಕರ ತೊಡೆಗೆ ಹಾಕುತ್ತಾರೆ.

ಮರಿ ಬೆಳೆದು ಉಗುರು ಬಲಿತರೆ ತೊಡೆಯ ಮೇಲೆ ಇಟ್ಟುಕೊಳ್ಳಲಾಗದು. ಆಗ ಅದು "ಸಿಂಹದೊಂದಿಗೆ ನಡಿಗೆ" ಎಂಬ ಇನ್ನೊಂದು ಮೋಜಿಗೆ ಬಳಕೆಯಾಗುತ್ತದೆ. ಇನ್ನೂ ಬೆಳೆದ ಮೇಲೆ? ಮನುಷ್ಯನ ಕೈಯಿಂದ ಉಂಡು ಬೆಳೆದ ಸಿಂಹಕ್ಕೆ ಬೇಟೆ ಗೊತ್ತಿಲ್ಲ, ಮನುಷ್ಯರೆಂದರೆ ಭಯವೂ ಇಲ್ಲ. ಅದನ್ನು ಕಾಡಿಗೆ ಬಿಡಲಾಗದು. ಹಾಗೆ ಬೆಳೆದ ಅನೇಕ ಸಿಂಹಗಳು ಬೇಲಿ ಹಾಕಿದ ಜಾಗದಲ್ಲಿ ಹಣವಂತ ಬೇಟೆಗಾರರ ಗುಂಡಿಗೆ ಗುರಿಯಾದವು. ಅವುಗಳ ಮೂಳೆಗಳು ಏಷ್ಯದ ಔಷಧ ವ್ಯಾಪಾರಕ್ಕೆ ಹೋದವು. 2017ರಲ್ಲಿ ಆ ದೇಶದ ಸರ್ಕಾರವೇ 800 ಸಿಂಹಗಳ ಅಸ್ಥಿಪಂಜರಗಳ ರಫ್ತಿಗೆ ಅನುಮತಿ ನೀಡಿತ್ತು. 2021ರಲ್ಲಿ ಈ ಸಾಕಣೆ ಉದ್ಯಮಕ್ಕೆ ಕೊನೆ ಹಾಡುವುದಾಗಿ ಅದೇ ಸರ್ಕಾರ ಪ್ರಕಟಿಸಿತು. ಆದರೆ ದಶಕಗಳ ಕಾಲ ಬೇರುಬಿಟ್ಟ ವ್ಯಾಪಾರ ಒಂದು ಪ್ರಕಟಣೆಯಿಂದ ಒಣಗಿಹೋಗುವುದಿಲ್ಲ.

ಇದು ಒಂದು ದೇಶದ ಕಥೆಯಲ್ಲ. ಥಾಯ್ಲೆಂಡಿನ ಕಾಂಚನಬುರಿಯಲ್ಲಿ ಹುಲಿಗಳ ಧಾಮವೆಂದು ಲೋಕಪ್ರಸಿದ್ಧವಾಗಿದ್ದ ಒಂದು ಜಾಗವಿತ್ತು. ದೇಶವಿದೇಶಗಳ ಯುವಕ ಯುವತಿಯರು ಅಲ್ಲಿಯೂ ಸ್ವಯಂಸೇವೆಗೆ ಹೋಗುತ್ತಿದ್ದರು. 2016ರಲ್ಲಿ ಸರ್ಕಾರದ ಅಧಿಕಾರಿಗಳು ಅಲ್ಲಿಂದ 137 ಹುಲಿಗಳನ್ನು ತೆಗೆದುಕೊಂಡು ಹೋದರು. ಅದೇ ಸಮಯದಲ್ಲಿ ಶೀತಪೆಟ್ಟಿಗೆಯಲ್ಲಿ 40 ಸತ್ತ ಮರಿಗಳು ಸಿಕ್ಕವು.

ಸಾಕ್ಷ್ಯಚಿತ್ರ ನೋಡಿದ ರಾತ್ರಿ ಹುಡುಗಿ ನನ್ನ ಮನೆಗೆ ಬಂದು ಅತ್ತಳು. ತಾನು ಹೋಗಿದ್ದ ಧಾಮಕ್ಕೆ ಪತ್ರ ಬರೆದು "ನಾನು ಹಾಲು ಕುಡಿಸಿದ ಮರಿ ಈಗ ಎಲ್ಲಿದೆ?" ಎಂದು ಕೇಳಿದಳು. ಉತ್ತರ ಬರಲಿಲ್ಲ. "ದೊಡ್ಡಮ್ಮ, ನಾನು ಪಾಪ ಮಾಡಿದೆನಾ?" ಎಂದು ಕೇಳಿದಳು. ನನಗೂ ತಕ್ಷಣ ಉತ್ತರ ಬರಲಿಲ್ಲ.

ಇಂದು ನಮ್ಮ ಧರ್ಮಕೇಂದ್ರಗಳಿಂದ ಎಷ್ಟೋ ಮಕ್ಕಳು ಓದಿಗೆ, ಕೆಲಸಕ್ಕೆ, ಪ್ರವಾಸಕ್ಕೆ ಹೊರದೇಶಗಳಿಗೆ ಹೋಗುತ್ತಿದ್ದಾರೆ. ಹೋದಲ್ಲಿ ಏನಾದರೂ ಒಳ್ಳೆಯದು ಮಾಡಬೇಕೆಂಬ ಆಸೆ ಅವರಲ್ಲಿದೆ. ಅದು ಸಂತೋಷದ ವಿಷಯ. ಆದುದರಿಂದ ಈ ಪ್ರಶ್ನೆಯನ್ನು ನಾವು ಒಂದು ಮನೆಯ ದುಃಖವೆಂದು ಬಿಡದೆ ಆಲೋಚಿಸಬೇಕಾಗಿದೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ ಕೆಟ್ಟದಕ್ಕೆ ನೆರವಾದರೆ ಹೊಣೆ ಯಾರದು?

ಒಳ್ಳೆಯ ಉದ್ದೇಶವೇ ಸಾಲದೇ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಉದ್ದೇಶಕ್ಕೆ ಬೆಲೆ ಇದೆ ನಿಜ. ತಿಳಿಯಲು ದಾರಿಯೇ ಇಲ್ಲದೆ ಮಾಡಿದ ತಪ್ಪನ್ನು ಧರ್ಮಸಭೆಯೂ ಪಾಪವೆಂದು ನಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ಅದೇ ಬೋಧನೆ ಇನ್ನೊಂದು ಮಾತನ್ನೂ ಹೇಳುತ್ತದೆ. ಸತ್ಯ ಯಾವುದು, ಒಳಿತು ಯಾವುದು ಎಂದು ತಿಳಿದುಕೊಳ್ಳುವ ಶ್ರಮವನ್ನೇ ತೆಗೆದುಕೊಳ್ಳದವನು "ನನಗೆ ಗೊತ್ತಿರಲಿಲ್ಲ" ಎಂದು ಕೈ ತೊಳೆದುಕೊಳ್ಳುವಂತಿಲ್ಲ. ಅಜ್ಞಾನದಲ್ಲಿ ಎರಡು ಬಗೆ ಇದೆ. ಒಂದು ನಮಗೆ ಎದುರಾದದ್ದು, ಇನ್ನೊಂದು ನಾವೇ ಉಳಿಸಿಕೊಂಡದ್ದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಮಕ್ಕಳಿಗೆ ಕಲಿಸಿದ ನಾವೇ ಆ ಫೋಟೊ ನೋಡಿ ಒಂದು ಪ್ರಶ್ನೆ ಕೇಳಲಿಲ್ಲ. ಏಕೆ? ಆ ಚಿತ್ರ ನಮಗೆ ಅಷ್ಟು ಹಿತವಾಗಿತ್ತು.

ಹುಡುಗಿಗೆ ಉತ್ತರ ಹೇಳುವ ಮೊದಲು ನನಗೆ ನನ್ನದೇ ಒಂದು ನೆನಪು ಬಂದಿತು.

ನಾನು ಚಿಕ್ಕವಳಿದ್ದಾಗ ಸುಬ್ರಹ್ಮಣ್ಯಪುರಕ್ಕೆ ವರ್ಷಕ್ಕೆರಡು ಸಲ ಕರಡಿಯವನು ಬರುತ್ತಿದ್ದ. ಡಮರುವಿನ ಸದ್ದು ಕೇಳಿದರೆ ಸಾಕು, ನಾವು ಉಣ್ಣುವ ತಟ್ಟೆ ಬಿಟ್ಟು ಓಡುತ್ತಿದ್ದೆವು. ಕರಡಿ ಎರಡು ಕಾಲಿನ ಮೇಲೆ ನಿಂತು ಕುಣಿಯುತ್ತಿತ್ತು, ಸಲಾಮು ಹೊಡೆಯುತ್ತಿತ್ತು. ಭಯ ಬಿಡಿಸಲೆಂದು ತಾಯಂದಿರು ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸುತ್ತಿದ್ದರು. ನನ್ನ ತಮ್ಮನಿಗೆ ರಾತ್ರಿ ಬೆಚ್ಚುವ ಕಾಯಿಲೆ ಇತ್ತೆಂದು ಅಪ್ಪ ನಾಲ್ಕಾಣೆ ಕೊಟ್ಟು ಕರಡಿಯ ಕೂದಲಿನ ತಾಯಿತ ಕಟ್ಟಿಸಿದ್ದರು. ಕತ್ತಿನಲ್ಲಿ ಜಪಸರವೂ ಇತ್ತು, ತಾಯಿತವೂ ಇತ್ತು! ಕರಡಿಯನ್ನು ಕಂಡು ಪಾಪ ಎನಿಸಿ ನಾನೂ ನನ್ನ ಬೆಲ್ಲದ ಚೂರನ್ನು ಅದಕ್ಕೆ ಕೊಟ್ಟಿದ್ದೆ. ಅದರ ಮೂಗಿನಿಂದ ಹೊರಟ ಹಗ್ಗ ನನ್ನ ಕಣ್ಣಿಗೆ ಬಿದ್ದಿತ್ತು. ಹಸುವಿಗೆ ಮೂಗುದಾರ ಇರುವಂತೆ ಇದಕ್ಕೂ ಇದೆ ಎಂದುಕೊಂಡಿದ್ದೆ.

ಆ ಹಗ್ಗದ ಕಥೆ ತಿಳಿದದ್ದು ನನಗೆ ತಲೆ ಹಣ್ಣಾದ ಮೇಲೆ. ಕಾಡಿನಲ್ಲಿ ಮರಿಯೊಂದಿಗಿರುವ ತಾಯಿ ಕರಡಿಯನ್ನು ಕೊಂದೋ ಓಡಿಸಿಯೋ ಮರಿಯನ್ನು ಹಿಡಿಯುತ್ತಿದ್ದರು. ಕೆಂಪಗೆ ಕಾಯಿಸಿದ ಕಬ್ಬಿಣದ ಸೂಜಿಯಿಂದ ಅದರ ಮೂತಿಗೆ ತೂತು ಕೊರೆದು ಹಗ್ಗ ಪೋಣಿಸುತ್ತಿದ್ದರು. ಕಚ್ಚದಿರಲೆಂದು ಕೋರೆಹಲ್ಲುಗಳನ್ನು ಮುರಿಯುತ್ತಿದ್ದರು. ಅದು ಕುಣಿಯುತ್ತಿದ್ದದ್ದು ಡಮರುವಿನ ತಾಳಕ್ಕಲ್ಲ, ಗಾಯದ ಹಗ್ಗದ ಎಳೆತಕ್ಕೆ. ನಮ್ಮ ಅಪ್ಪನ ನಾಲ್ಕಾಣೆ ಆ ಹಗ್ಗದ ಇನ್ನೊಂದು ತುದಿಯಾಗಿತ್ತು. ಅಲ್ಲಿಯೂ ನಮ್ಮಲ್ಲಿ ಯಾರೂ "ಇದರ ತಾಯಿ ಎಲ್ಲಿ?" ಎಂದು ಕೇಳಿರಲಿಲ್ಲ.

"ನೀನು ಮಾಡಿದ್ದನ್ನೇ ನಾನೂ ಮಾಡಿದ್ದೇನೆ ಮಗಳೇ" ಎಂದು ನಾನು ಹುಡುಗಿಗೆ ಹೇಳಿದೆ. "ನೀನು ವಿಮಾನದಲ್ಲಿ ಹೋಗಿ ಮಾಡಿದೆ, ನಾನು ಬೀದಿಯಲ್ಲಿ ನಿಂತು ಮಾಡಿದೆ. ಇನ್ನು ಅಳುವುದು ಬೇಡ. ಕರಡಿಗಳ ಕಥೆ ಮುಂದೇನಾಯಿತು ನೋಡಿಕೊಂಡು ಬರೋಣ ಬಾ."

ಸುಬ್ರಹ್ಮಣ್ಯಪುರದಿಂದ ಬನ್ನೇರುಘಟ್ಟ ಏನು ದೂರ? ಕೋಣನಕುಂಟೆ, ಗೊಟ್ಟಿಗೆರೆಯ ಕಡೆಯಿಂದ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಮರಳಬಹುದು. ಅಲ್ಲಿನ ರಾಷ್ಟ್ರೀಯ ಉದ್ಯಾನದ ಆವರಣದಲ್ಲಿ ಕುಣಿತದಿಂದ ಬಿಡಿಸಿ ತಂದ ಕರಡಿಗಳಿಗಾಗಿ 2005ರಲ್ಲಿ ಒಂದು ರಕ್ಷಣಾ ಕೇಂದ್ರ ಪ್ರಾರಂಭವಾಯಿತು. ಕರ್ನಾಟಕ ಅರಣ್ಯ ಇಲಾಖೆಯ ಸಹಯೋಗದಲ್ಲಿ ಅದನ್ನು ನಡೆಸುತ್ತಿರುವುದು ವೈಲ್ಡ್‌ಲೈಫ್ ಎಸ್‌ಒಎಸ್ ಎಂಬ ಸಂಸ್ಥೆ. ಕಾರ್ತಿಕ್ ಸತ್ಯನಾರಾಯಣ ಮತ್ತು ಗೀತಾ ಶೇಷಮಣಿ ಇದನ್ನು 1995ರಲ್ಲಿ ಸ್ಥಾಪಿಸಿದರು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಕರಡಿಗಳನ್ನು ಪ್ರದರ್ಶನಕ್ಕೆ ಬಳಸಬಾರದೆಂದು ಕೇಂದ್ರ ಸರ್ಕಾರ 1998ರಲ್ಲಿ ಮತ್ತೊಂದು ಆದೇಶ ಹೊರಡಿಸಿತು. ಆದರೂ ಕರಡಿ ಕುಣಿತ ನಿಂತಿರಲಿಲ್ಲ. ಏಕೆಂದರೆ ಹಗ್ಗದ ಆ ತುದಿಯಲ್ಲಿ ಕರಡಿ ಇದ್ದರೆ ಈ ತುದಿಯಲ್ಲಿ ಒಂದು ಬಡ ಸಂಸಾರವಿತ್ತು. ತಲೆತಲಾಂತರದಿಂದ ಕರಡಿ ಕುಣಿಸಿಯೇ ಹೊಟ್ಟೆ ಹೊರೆದ ಕಲಂದರ್ ಸಮುದಾಯದವರಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಕರಡಿಯನ್ನು ಕಿತ್ತುಕೊಂಡರೆ ಅವರ ಮಕ್ಕಳು ಉಪವಾಸ, ಬಿಟ್ಟರೆ ಕರಡಿಗೆ ನರಕ. ಆದುದರಿಂದ ಕರಡಿಯನ್ನು ಒಪ್ಪಿಸಿದವರಿಗೆ ಬೇರೆ ಜೀವನೋಪಾಯಕ್ಕೆ ಹಣ, ತರಬೇತಿ, ಹೆಂಗಸರಿಗೆ ಕೈಕಸುಬು, ಮಕ್ಕಳಿಗೆ ಶಾಲೆ ಇವನ್ನೆಲ್ಲ ಒದಗಿಸುವ ದಾರಿ ಹಿಡಿದರು. ಹೀಗೆ 600ಕ್ಕೂ ಹೆಚ್ಚು ಕರಡಿಗಳು ಬಿಡುಗಡೆ ಹೊಂದಿದವು. ಕೊನೆಯ ಕರಡಿಯೆಂದು ಹೆಸರಾದ 'ರಾಜು' 2009ರ ಡಿಸೆಂಬರಿನಲ್ಲಿ ಬನ್ನೇರುಘಟ್ಟಕ್ಕೆ ಬಂದಿತು. ನೂರಾರು ವರ್ಷಗಳ ಒಂದು ಕ್ರೌರ್ಯ ನಮ್ಮ ಊರಿನ ಪಕ್ಕದಲ್ಲೇ ಕೊನೆಗೊಂಡಿತು. ನಮ್ಮಲ್ಲಿ ಎಷ್ಟು ಮಂದಿಗೆ ಅದು ಗೊತ್ತು?

ಗುಬ್ಬಿಯೋ ಪಟ್ಟಣದ ತೋಳವನ್ನು ಅಸಿಸಿಯ ಸಂತ ಫ್ರಾನ್ಸಿಸರು ಪಳಗಿಸಿದ ಐತಿಹ್ಯವನ್ನು ನಾವೆಲ್ಲ ಕೇಳಿದ್ದೇವೆ. ತೋಳ ಅವರ ಕೈಗೆ ಪಂಜ ಇಟ್ಟ ಚಿತ್ರವಷ್ಟೇ ನಮ್ಮ ಮನಸ್ಸಿನಲ್ಲಿ ಉಳಿದಿದೆ. ಆದರೆ ಕಥೆಯ ಮುಖ್ಯ ಭಾಗ ಬೇರೆ. ತೋಳ ಹಸಿವಿನಿಂದ ಹಾಗೆ ಮಾಡುತ್ತಿದೆ ಎಂಬುದನ್ನು ಸಂತರು ಅರಿತರು. ಜನರು ಅದಕ್ಕೆ ದಿನವೂ ಆಹಾರ ಕೊಡಬೇಕು, ಅದು ಜನರಿಗೆ ಹಾನಿ ಮಾಡಬಾರದು ಎಂದು ಒಪ್ಪಂದ ಮಾಡಿಸಿದರು. ಊರಿನ ಭಯವನ್ನೂ ಕೇಳಿದರು, ತೋಳದ ಹಸಿವನ್ನೂ ಕೇಳಿದರು. ಕರಡಿಯನ್ನೂ ಕರಡಿಯವನನ್ನೂ ಒಟ್ಟಿಗೆ ನೆನೆದವರು ಮಾಡಿದ್ದೂ ಇದನ್ನೇ ಅಲ್ಲವೇ?

ಬನ್ನೇರುಘಟ್ಟದ ಆ ಕೇಂದ್ರಕ್ಕೆ ಹೊರದೇಶಗಳಿಂದಲೂ ಸ್ವಯಂಸೇವಕರು ಬಂದಿದ್ದಾರೆ. ನಮ್ಮ ಹುಡುಗಿ ಸಮುದ್ರ ದಾಟಿ ಸಿಂಹದ ಸೇವೆಗೆ ಹೋದಳು, ಅವರು ಸಮುದ್ರ ದಾಟಿ ನಮ್ಮ ಕರಡಿಗಳ ಸೇವೆಗೆ ಬಂದರು! ಆದರೆ ಎರಡು ಸೇವೆಗಳ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ. ಕರಡಿಗಳಿರುವಲ್ಲಿ ಸ್ವಯಂಸೇವಕರ ಕೆಲಸ ಹಣ್ಣು ಹೆಚ್ಚುವುದು, ಗಂಜಿಯ ಪಾತ್ರೆ ತೊಳೆಯುವುದು, ಮರದ ದಿಮ್ಮಿಯ ತೂತುಗಳಲ್ಲಿ ಜೇನು ಅಡಗಿಸಿಡುವುದು. ಕರಡಿ ಮೂಸಿ ಹುಡುಕಿ ಅದನ್ನು ತಿನ್ನುತ್ತದೆ. ಕರಡಿಯನ್ನು ಮುಟ್ಟುವಂತಿಲ್ಲ, ಅಪ್ಪಿಕೊಂಡು ಫೋಟೊ ತೆಗೆಸಿಕೊಳ್ಳುವಂತಿಲ್ಲ. ಹಲ್ಲು ಮುರಿದ ಆ ಮುದಿ ಕರಡಿ ಕಾಡಿಗೆ ಮರಳಲಾರದು. ಆದರೆ ಇನ್ನು ಮುಂದೆ ಯಾರಿಗಾಗಿಯೂ ಕುಣಿಯಬೇಕಾಗಿಲ್ಲ. ಜೇನು ಇಟ್ಟವರು ಯಾರೆಂದು ಅದಕ್ಕೆ ತಿಳಿಯುವುದೂ ಇಲ್ಲ.

ಅಂದು ಬನ್ನೇರುಘಟ್ಟದಿಂದ ಮರಳುವಾಗ ಹುಡುಗಿ ಒಂದು ಮಾತು ಹೇಳಿದಳು. "ದೊಡ್ಡಮ್ಮ, ಅಲ್ಲಿ ಮರಿ ನನ್ನ ಆಸೆ ತೀರಿಸಿತು. ನಾನು ಅದರ ಸೇವೆ ಮಾಡಲಿಲ್ಲ, ಅದೇ ನನ್ನ ಸೇವೆ ಮಾಡಿತು."

ಈ ಇಡೀ ವಿಷಯದ ತಿರುಳು ಇಷ್ಟೇ ಎಂದು ನನಗೆ ಅನಿಸುತ್ತದೆ. ಸೇವೆಯ ಅಳತೆಗೋಲು ಸೇವೆ ಮಾಡುವವನ ಸಂತೋಷವಲ್ಲ, ಪಡೆಯುವವನ ಅಗತ್ಯ. ಸಿಂಹದ ಮರಿಗೆ ಬೇಕಾಗಿದ್ದದ್ದು ನಮ್ಮ ಹುಡುಗಿಯ ತೊಡೆಯಲ್ಲ, ಅದರ ತಾಯಿ. ಪ್ರಾಣಿಯನ್ನು ಮುಟ್ಟಬೇಕು, ಅದು ನನ್ನನ್ನು ಗುರುತಿಸಬೇಕು, ನನ್ನ ಕೈಯಿಂದಲೇ ಉಣ್ಣಬೇಕು ಎಂಬ ಆಸೆ ತಪ್ಪಲ್ಲದಿರಬಹುದು. ಆದರೆ ಅದನ್ನು ಸೇವೆ ಎಂದು ಕರೆಯಬಾರದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಪ್ರಭುಯೇಸು ಬೋಧಿಸಿದ್ದು ಇದೇ ಕಾರಣಕ್ಕಾಗಿ ಇರಬಹುದು. ಕೊಡುವ ಕೈ ತನ್ನನ್ನೇ ನೋಡಿಕೊಳ್ಳತೊಡಗಿದರೆ ಪಡೆಯುವವನ ಮುಖ ಕಾಣದಾಗುತ್ತದೆ.

ಈ ಹಂತದಲ್ಲಿ ಕೆಲವರು ಬೇರೊಂದು ಪ್ರಶ್ನೆ ಎತ್ತುತ್ತಾರೆ. ನನ್ನ ತಂಗಿಯೇ ಎತ್ತಿದಳು. "ಊರಿನಲ್ಲಿ ಬಡವರು ಔಷಧಿಗೆ ಹಣವಿಲ್ಲದೆ ಸಾಯುತ್ತಿದ್ದಾರೆ. ಮನೆಯಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಾರೆ. ಸಿಂಹವಾದರೇನು, ಕರಡಿಯಾದರೇನು, ಪ್ರಾಣಿಗಳಿಗೆ ಇಷ್ಟು ಹಣ, ಇಷ್ಟು ಸಮಯ ಏಕೆ?" ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1992ರಲ್ಲಿ ಧರ್ಮಸಭೆ ಪ್ರಕಟಿಸಿದ ಧರ್ಮೋಪದೇಶ ಗ್ರಂಥ ಈ ವಿಷಯದಲ್ಲಿ ಎರಡು ಮಾತುಗಳನ್ನು ಒಟ್ಟಿಗೆ ಹೇಳುತ್ತದೆ. ಪ್ರಾಣಿಗಳನ್ನು ಅನಗತ್ಯವಾಗಿ ನೋಯಿಸುವುದು ಮನುಷ್ಯನ ಘನತೆಗೇ ವಿರುದ್ಧ. ಅಂತೆಯೇ ಮನುಷ್ಯರ ಸಂಕಟ ನಿವಾರಣೆಗೆ ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ತಕ್ಕದ್ದಲ್ಲ.

ಕೆಲವರು ಮೊದಲ ಮಾತನ್ನು ಮಾತ್ರ ಹಿಡಿಯುತ್ತಾರೆ, ಕೆಲವರು ಎರಡನೆಯದನ್ನು ಮಾತ್ರ. ಆದರೆ ನನ್ನ ತಂಗಿಯ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಆ ಒಂದೂವರೆ ಲಕ್ಷ ಸಿಂಹಕ್ಕೆ ಹೋಗದಿದ್ದರೆ ಬಡವರಿಗೆ ಹೋಗುತ್ತಿತ್ತೇ? ಅದು ಮೊಬೈಲ್ ಫೋನಿಗೋ ರೇಷ್ಮೆ ಸೀರೆಗೋ ಹೋಗುತ್ತಿತ್ತು. ನಾವು ಬಡವರ ಹೆಸರು ಎತ್ತುವುದು ಎಷ್ಟೋ ಸಲ ಬಡವರಿಗೆ ಕೊಡುವುದಕ್ಕಲ್ಲ, ಬೇರೆಯವರು ಮಾಡುವ ಒಳ್ಳೆಯದನ್ನು ಅಳೆಯುವುದಕ್ಕೆ. ಇನ್ನು ಕರುಣೆ ಎಂಬುದು ಅಕ್ಕಿ ಡಬ್ಬಿಯಂತೆ ಒಂದು ಕಡೆ ಬಳಸಿದರೆ ಇನ್ನೊಂದು ಕಡೆಗೆ ಕಡಿಮೆಯಾಗುವ ವಸ್ತುವಲ್ಲ. ಕರಡಿಯನ್ನು ಬಿಡಿಸಲು ಹೋದವರು ಕಲಂದರ್ ಮಕ್ಕಳ ಶಾಲೆಗೂ ದುಡಿದದ್ದೇ ಇದಕ್ಕೆ ಸಾಕ್ಷಿ. ಪೋಪ್ ಫ್ರಾನ್ಸಿಸರು 2015ರ 'ಲೌದಾತೋ ಸೀ' ಪತ್ರದಲ್ಲಿ ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಒಂದಾಗಿ ಕೇಳಬೇಕೆಂದು ಬೋಧಿಸಿದ್ದೂ ಇದಕ್ಕಾಗಿಯೇ.

ಆದರೂ ತಂಗಿಯ ಮಾತಿನಲ್ಲಿ ಒಂದು ಮುಳ್ಳು ಉಳಿಯುತ್ತದೆ, ಉಳಿಯಬೇಕು. ಹುಡುಗಿ ದಕ್ಷಿಣ ಆಫ್ರಿಕದಲ್ಲಿ ಸೀಸೆ ಹಿಡಿದಿದ್ದ ಆ ಎರಡು ವಾರ ಇಲ್ಲಿ ಅಮ್ಮ ಪ್ರತಿ ಸಂಜೆ "ಮಗು ಬಂದಿತಾ?" ಎಂದು ಕೇಳುತ್ತಿದ್ದರು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಂತೆ ನಾವು ದೂರದ ಸೇವೆಗೆ ಓಡುತ್ತೇವೆ. ದೂರದ ಸೇವೆಗೆ ಕೊನೆಯ ದಿನ ಎಂಬುದಿದೆ, ಬೀಳ್ಕೊಡುಗೆ ಇದೆ, ಫೋಟೊ ಇದೆ. ಹಾಸಿಗೆ ಹಿಡಿದ ಮುದುಕಿಯ ಬಟ್ಟೆ ಬದಲಿಸುವುದಕ್ಕೆ ಇವು ಯಾವುವೂ ಇಲ್ಲ. ಅದನ್ನು ನಾಳೆಯೂ ಮಾಡಬೇಕು, ನಾಡಿದ್ದೂ ಮಾಡಬೇಕು. ಆದರೆ ಅಜ್ಜಿಯ ಗಂಜಿಯ ಬಟ್ಟಲಿಗೂ ಕರಡಿಯ ಗಂಜಿಯ ಪಾತ್ರೆಗೂ ಒಂದು ಸಂಬಂಧವಿದೆ. ಎರಡರಲ್ಲೂ ಹೊಗಳಿಕೆ ಇಲ್ಲ, ಎರಡರಲ್ಲೂ ಅಗತ್ಯ ನಿಜವಾದದ್ದು. ಒಂದನ್ನು ಪ್ರೀತಿಯಿಂದ ತೊಳೆಯಲು ಕಲಿತವರು ಇನ್ನೊಂದನ್ನೂ ತೊಳೆಯಬಲ್ಲರು.

ಹಾಗಾದರೆ ಮಕ್ಕಳು ಹೊರದೇಶಕ್ಕೆ ಹೋದಾಗ ಇಂಥ ಸೇವೆಗೆ ಹೋಗಲೇಬಾರದೇ? ಹಾಗೆ ಹೇಳುವುದು ಅನ್ಯಾಯವಾದೀತು. ಪ್ರಾಮಾಣಿಕವಾಗಿ ಪ್ರಾಣಿಗಳನ್ನು ಕಾಪಾಡುವ ಧಾಮಗಳು ಎಲ್ಲ ದೇಶಗಳಲ್ಲೂ ಇವೆ. ಅವುಗಳಿಗೆ ಹಣವೂ ಬೇಕು, ಕೈಗಳೂ ಬೇಕು. ಸೇವೆಗೆ ಬಂದವರಿಂದ ಹಣ ಕೇಳಿದರೆಂದ ಮಾತ್ರಕ್ಕೆ ಮೋಸ ಎನ್ನಬೇಕಾಗಿಲ್ಲ. ನಮ್ಮ ಊಟ ವಸತಿಯ ಖರ್ಚನ್ನು ಪ್ರಾಣಿಗಳ ಮೇಲೆ ಹೇರದಿರುವುದು ನ್ಯಾಯವೇ. ಆದರೆ ಟಿಕೆಟ್ ತೆಗೆಯುವ ಮೊದಲು ಅಪ್ಪ ಅಮ್ಮ ಮಕ್ಕಳು ಒಟ್ಟಿಗೆ ಕುಳಿತು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಲಿ.

ಮೊದಲನೆಯದು ನಮ್ಮ ಅಮ್ಮನದು. ಈ ಮರಿಗಳ ತಾಯಿ ಎಲ್ಲಿ? ಪ್ರತಿ ವರ್ಷವೂ ಹೊಸ "ಅನಾಥ" ಮರಿಗಳು ಎಲ್ಲಿಂದ ಬರುತ್ತವೆ? ಎರಡನೆಯದು, ಬೆಳೆದ ಮೇಲೆ ಇವು ಎಲ್ಲಿಗೆ ಹೋಗುತ್ತವೆ? ಕಾಡಿಗೆ ಬಿಟ್ಟಿದ್ದೇವೆ ಎನ್ನುವುದಾದರೆ ಎಲ್ಲಿ, ಯಾವಾಗ ಎಂದು ತೋರಿಸುತ್ತಾರೆಯೇ? ಮೂರನೆಯದು, ಅಲ್ಲಿ ಪ್ರಾಣಿಗಳನ್ನು ಮುಟ್ಟಲು, ಎತ್ತಿಕೊಳ್ಳಲು, ಸವಾರಿ ಮಾಡಲು ಬಿಡುತ್ತಾರೆಯೇ? ಒಳ್ಳೆಯ ಧಾಮ ಕಾಡುಪ್ರಾಣಿಯನ್ನು ಬಂದುಹೋಗುವವರ ಕೈಗಳಿಂದ ದೂರವಿಡುತ್ತದೆ, ಸಾಧ್ಯವಾದಷ್ಟು ಮರಿ ಹಾಕಿಸುವುದಿಲ್ಲ, ಪ್ರಾಣಿಗಳನ್ನು ಮಾರುವುದಿಲ್ಲ. ನಾಲ್ಕನೆಯದು, ನಾನು ಮಾಡುವ ಕೆಲಸವನ್ನು ಆ ಊರಿನ ಬಡ ಕೂಲಿಯವನಿಂದ ಕಿತ್ತುಕೊಳ್ಳುತ್ತಿದ್ದೇನೆಯೇ? ಕೊನೆಯದು ಎಲ್ಲಕ್ಕಿಂತ ಕಠಿಣ. ಫೋಟೊ ತೆಗೆಯಬಾರದು ಎಂದರೂ ನಾನು ಹೋಗುವೆನೇ?

ಕೊನೆಯ ಪ್ರಶ್ನೆಗೆ ಹೌದು ಎನ್ನುವ ಮಗ ಅಥವಾ ಮಗಳಿಗೆ ದೂರ ಹೋಗದೆಯೂ ಕೆಲಸ ಸಿಗುತ್ತದೆ. ಉತ್ತರಹಳ್ಳಿಯಿಂದ ಕೆಂಗೇರಿಗೆ ಹೋಗುವ ದಾರಿಯಲ್ಲಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ ಇದೆ. ಬೆಂಗಳೂರಿನಲ್ಲಿ ಈ ಸಂಸ್ಥೆ 1996ರಿಂದ ಕೆಲಸ ಮಾಡುತ್ತಿದೆ. ನಗರದಲ್ಲಿ ಗಾಯಗೊಂಡ ಹದ್ದು, ಗೂಬೆ, ಹಾವು, ಮಂಗಗಳಿಗೆ ಅಲ್ಲಿ ಚಿಕಿತ್ಸೆ ನಡೆಯುತ್ತದೆ. ಆಷಾಢದ ಗಾಳಿಗೆ ನಮ್ಮ ಮಕ್ಕಳು ಹಾರಿಸುವ ಗಾಳಿಪಟಗಳ ಮಾಂಜಾ ದಾರ ಹದ್ದುಗಳ ರೆಕ್ಕೆಯನ್ನು ಕೊಯ್ಯುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ನೈಲಾನ್ ಮಾಂಜಾವನ್ನು ದೇಶದಾದ್ಯಂತ ನಿಷೇಧಿಸಿತು. ಆದರೆ ಅಂಗಡಿಯಲ್ಲಿ ಕದ್ದು ಮಾರುವುದು ನಿಂತಿಲ್ಲ, ನಾವು ಕೊಳ್ಳುವುದೂ ನಿಂತಿಲ್ಲ. ನಮ್ಮ ಕಾಡಿನ ಗಿಳಿಯನ್ನು ಹಿಡಿದು ಪಂಜರದಲ್ಲಿಡುವುದು 1972ರ ಕಾಯ್ದೆಯ ಪ್ರಕಾರ ಅಪರಾಧ. ಆದರೂ ಎಷ್ಟೋ ಮನೆಗಳ ಜಗಲಿಯಲ್ಲಿ ಪಂಜರ ತೂಗುತ್ತಿದೆ. ಅಲ್ಲಿಯೂ ನಮ್ಮ ಅಮ್ಮನ ಪ್ರಶ್ನೆಯನ್ನೇ ಕೇಳಬಹುದು. ಆಫ್ರಿಕದ ಸಿಂಹಕ್ಕಾಗಿ ಮರುಗುವ ಮನೆ ಮೊದಲು ಮಗನ ಕೈಯಲ್ಲಿರುವ ದಾರವನ್ನು ನೋಡಲಿ.

ನಮ್ಮ ಹುಡುಗಿ "ನಾನು ಪಾಪ ಮಾಡಿದೆನಾ?" ಎಂದು ಕೇಳಿದ್ದಳಲ್ಲ? ಅವಳಿಗೆ ನಾನು ಕೊನೆಗೆ ಹೇಳಿದ್ದು ಇಷ್ಟು. "ತಿಳಿಯದೆ ಹೋದಾಗ ನಿನ್ನ ತಪ್ಪು ಚಿಕ್ಕದಿತ್ತು, ಅದರಲ್ಲಿ ನಮ್ಮ ಪಾಲೂ ಇತ್ತು. ತಿಳಿದ ಮೇಲೆ ಸುಮ್ಮನಿದ್ದರೆ ಅದು ದೊಡ್ಡದಾಗುತ್ತದೆ." ಅವಳು ಸುಮ್ಮನಿರಲಿಲ್ಲ. ನಾನು ಅವಳನ್ನು ಹೊಗಳಿದ್ದ ಅದೇ ಯುವಜನರ ಸಭೆಯಲ್ಲಿ ಎದ್ದು ನಿಂತು, ತಾನು ಮೋಸಹೋದದ್ದನ್ನು, ಪ್ರಶ್ನೆ ಕೇಳದೆ ಹೋದದ್ದನ್ನು ಹೇಳಿದಳು. ಹೊಗಳಿಕೆಯನ್ನು ಹಿಂದಕ್ಕೆ ಕೊಡುವುದು ಹಣ ಹಿಂದಕ್ಕೆ ಕೊಡುವುದಕ್ಕಿಂತ ಕಷ್ಟ. ಅದೇ ಸಭೆಯ ಇಬ್ಬರು ಅಂಥದೇ ಪ್ರವಾಸಕ್ಕೆ ಹಣ ಕೂಡಿಸುತ್ತಿದ್ದರು. ಅವರು ಆ ಯೋಚನೆಯನ್ನು ಕೈಬಿಟ್ಟರು.

ನಮ್ಮ ಅಮ್ಮ 2017ರ ತಪಸ್ಸುಕಾಲದಲ್ಲಿ ದೇವರ ಪಾದ ಸೇರಿದರು. ಅದಕ್ಕೆ ಮೊದಲಿನ ನಾಲ್ಕು ತಿಂಗಳು ಅವರಿಗೆ ರಾತ್ರಿಯ ಗಂಜಿ ಕುಡಿಸಿದವಳು ಆ ಮೊಮ್ಮಗಳೇ. ಅವಳು ಸಿಂಹದ ವಿಷಯವನ್ನೆಲ್ಲ ಅಜ್ಜಿಗೆ ಹೇಳಿದ್ದಳು. ಅಮ್ಮ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಕರುವಿಗೆ ಬಿಟ್ಟು ಉಳಿದದ್ದನ್ನೇ ನಾನು ಮಾರಿದ್ದು" ಎಂದರಂತೆ. ಬೇರೇನೂ ಹೇಳಲಿಲ್ಲವಂತೆ.

ಆ ಫೋಟೊ ಈಗ ಗೋಡೆಯಲ್ಲಿಲ್ಲ. ಹರಿದು ಹಾಕಲು ಹೋದಾಗ ನಾನೇ ಬೇಡ ಎಂದೆ. ಹುಡುಗಿ ಅದನ್ನು ತನ್ನ ಬೈಬಲಿನ ಒಳಗೆ ಇಟ್ಟುಕೊಂಡಿದ್ದಾಳೆ. ಈಗ ತಿಂಗಳಿಗೆ ಎರಡು ಭಾನುವಾರ, ಬಲಿಪೂಜೆ ಮುಗಿಸಿ, ಗಾಯಗೊಂಡ ಹಕ್ಕಿಗಳಿರುವ ಕಡೆ ಗೂಡು ತೊಳೆಯಲು ಹೋಗುತ್ತಾಳೆ. ಗುಣವಾದ ಹದ್ದು ಹಾರಿಹೋಗುವಾಗ ಹಿಂದಿರುಗಿ ನೋಡುವುದಿಲ್ಲವಂತೆ. "ಬೇಸರವಾಗುವುದಿಲ್ಲವಾ?" ಎಂದು ಕೇಳಿದೆ.

"ಇಲ್ಲ ದೊಡ್ಡಮ್ಮ, ಅದು ಹಾರಿಹೋಗಲಿ ಅಂತ ತಾನೇ ನಾವು ಅಲ್ಲಿರುವುದು" ಎಂದಳು.